ಅವಳು ಕೆಳಗೆ ಬಂದಿರ್ತಾಳೆ, ಅಷ್ಟೆ

ಈ ವಾರ ಮಕ್ಕಳ ಕಥಾಕೂಟವೊಂದರಲ್ಲಿ ರಪುಂಜೆಲ್ ಕಥೆ ನಡೆದಿತ್ತು, ಮಾಟಗಾತಿ ಗೋಪುರದಲ್ಲಿ ಕೂಡಿಹಾಕಿದ ಉದ್ದ ಜಡೆಯ ಹುಡುಗಿಯ ಕಥೆ. ರಾಜಕುಮಾರ ಗೋಪುರದ ಬುಡದಲ್ಲಿ ನಿಂತು ಜಡೆ ಇಳಿಬಿಡು ಎಂದು ಕೂಗುವ ಹೊತ್ತಿಗೆ, ಮುಂದಿನ ಸಾಲಿನ ಏಳೆಂಟು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು.

"ಜಡೆ ಅಷ್ಟು ಗಟ್ಟಿ ಇದ್ರೆ, ಅದನ್ನೇ ಕತ್ತರಿಸಿ ಕಿಟಕಿಗೆ ಕಟ್ಟಿ ಅವಳೇ ಇಳೀಬಹುದಲ್ವಾ?"

"ಹಾಗ್ ಮಾಡಿದ್ರೆ ಕಥೆ ಅಲ್ಲಿಗೇ ಮುಗಿದುಹೋಗುತ್ತಲ್ಲ ಪುಟ್ಟಿ" ಎಂದರು ಕಥೆ ಹೇಳುತ್ತಿದ್ದವರು.

"ಮುಗಿಯಲ್ಲ ಆಂಟಿ. ಅವಳು ಕೆಳಗೆ ಬಂದಿರ್ತಾಳೆ, ಅಷ್ಟೆ."

ಆ 'ಅಷ್ಟೆ' ಇನ್ನೂ ಕಿವಿಯಲ್ಲಿದೆ. ತಾನೇ ಪಾರಾಗುವ ಸ್ವತಂತ್ರ ರಾಜಕುಮಾರಿಯ ನಗೆಗಥೆ ಬರೆಯುವವರೆಲ್ಲ ಅದನ್ನು ಕೇಳಿಸಿಕೊಳ್ಳಬೇಕಿತ್ತು. ಆಂಟಿಯದು ಒಳ್ಳೆಯ ಕಂಠ. ಮಾಟಗಾತಿಯ ದನಿ ತೆಗೆದರೆ ಮಕ್ಕಳು ಮುದುಡಿ ಕೂರುತ್ತಾರೆ. ಆದರೆ ನಡುವೆ ಬರುವ ಪ್ರಶ್ನೆ ಅವರಿಗೆ ಅಡ್ಡಿ. ಅವತ್ತು ಹೊಸ ಕಥೆಯೊಂದು ಎದುರಿಗೇ ಕೈ ಎತ್ತಿ ಕೂತಿತ್ತು, ಅವರು ದಾಟಿಕೊಂಡು ಹೋದರು.

ಈ ಕಥೆಯನ್ನು ಪುಸ್ತಕಕ್ಕಿಳಿಸಿದ ಜರ್ಮನಿಯ ಗ್ರಿಮ್ ಸೋದರರ 1857ರ ಆವೃತ್ತಿ ತೆಗೆದು ನೋಡಿ. ಹುಡುಗಿ ಹೇಳಿದ ಉಪಾಯ ಅದರಲ್ಲೇ ಇದೆ, ಮಾಡುವವಳು ಮಾತ್ರ ಮಾಟಗಾತಿ! ಕತ್ತರಿ ಹಿಡಿದು ಜಡೆ ಕತ್ತರಿಸಿ, ಕಿಟಕಿಯ ಕೊಕ್ಕೆಗೆ ಕಟ್ಟಿ, ರಾಜಕುಮಾರನನ್ನು ಮೇಲೆ ಹತ್ತಿಸಿಕೊಳ್ಳುವುದು ಅವಳೇ. ರಪುಂಜೆಲ್ ಕೂಡ ಸುಮ್ಮನೆ ಕೂತವಳಲ್ಲ. ಬರುವಾಗಲೆಲ್ಲ ಒಂದೊಂದು ಲಡಿ ರೇಷ್ಮೆ ತಾ, ಹೆಣೆದು ಏಣಿ ಮಾಡುತ್ತೇನೆ ಎಂದು ರಾಜಕುಮಾರನಿಗೆ ಹೇಳುತ್ತಾಳೆ. ಹುಟ್ಟಿನಿಂದ ರಾಜಕುಮಾರಿಯೂ ಅಲ್ಲದ ಈ ಹುಡುಗಿಗೆ ತಪ್ಪಿಸಿಕೊಳ್ಳುವ ಯೋಜನೆ ಇತ್ತು. ಮಾತು ಬಾಯಿ ಜಾರಿದ್ದರಿಂದ ಕೆಟ್ಟಿತು. ನಾವು ಕಥೆ ಹೇಳುವಾಗ ರೇಷ್ಮೆ ಬಿಟ್ಟು ಜಡೆಯೊಂದನ್ನೇ ಉಳಿಸಿಕೊಳ್ಳುತ್ತೇವೆ. ಕಪ್ಪೆ ರಾಜಕುಮಾರನ ಕಥೆಯಲ್ಲೂ ಹೀಗೇ ಆಯಿತು. ಗ್ರಿಮ್ ಕಥೆಯಲ್ಲಿ ರಾಜಕುಮಾರಿ ಕಪ್ಪೆಗೆ ಮುತ್ತು ಕೊಡುವುದೇ ಇಲ್ಲ, ಸಿಟ್ಟಿನಿಂದ ಗೋಡೆಗೆ ಎಸೆಯುತ್ತಾಳೆ.

ಹಾಗಾಗಿ ಸ್ವತಂತ್ರ ರಾಜಕುಮಾರಿಯ ನಗೆಗಥೆ ಬರೆಯುವವರು ಅವಳ ಕೈಗೆ ಕತ್ತಿ ಕೊಡುವ ಮೊದಲು ಮೂಲವನ್ನು ಓದಬೇಕು. ಕತ್ತಿ ಬೀಸಿ, ಬಂದ ರಾಜಕುಮಾರರನ್ನೆಲ್ಲ ಪೆದ್ದರೆಂದು ಬೈಯುವ ರಾಜಕುಮಾರಿ ಎರಡು ಪುಟಕ್ಕೆ ಸಪ್ಪೆಯಾಗುತ್ತಾಳೆ. ಸೋಲುವ ಸಾಧ್ಯತೆಯೇ ಇಲ್ಲದವಳ ಮೇಲೆ ಮಕ್ಕಳಿಗೆ ಕಾಳಜಿ ಹುಟ್ಟುವುದಿಲ್ಲ, ಕಾಳಜಿ ಇಲ್ಲದ ಕಡೆ ನಗುವೂ ಬರುವುದಿಲ್ಲ. ಗೋಪುರಕ್ಕೆ ಮೊಬೈಲು, ಲಿಫ್ಟು ತಂದಿಟ್ಟರಂತೂ ಅವಳಿಗೆ ತಲೆ ಓಡಿಸುವ ಕೆಲಸವೇ ಉಳಿಯದು.

ಕಥೆಯ ಕಟ್ಟಳೆ ಹಾಗೇ ಇರಲಿ, ಒಂದೇ ಒಂದನ್ನು ಬದಲಿಸಿ: ಅವಳು ಲೆಕ್ಕ ಹಾಕುತ್ತಾಳೆ. ಜಡೆ ಇಪ್ಪತ್ತು ಮೊಳ ಕೆಳಗೆ ಬೀಳುತ್ತಿತ್ತು ಎನ್ನುತ್ತದೆ ಮೂಲ. ಆ ಕಾಲದ ಜರ್ಮನ್ ಅಳತೆ ಹಿಡಿದರೆ ಸುಮಾರು 11 ಮೀಟರು. ಕೂದಲು ವರ್ಷಕ್ಕೆ 15 ಸೆಂಟಿಮೀಟರ್ ಬೆಳೆದರೂ ಅಷ್ಟುದ್ದವಾಗಲು 70 ವರ್ಷಕ್ಕೂ ಮೇಲೆ ಬೇಕು. ಅಂದರೆ ಕತ್ತರಿಸಿದರೆ ಒಂದೇ ಅವಕಾಶ. ಕತ್ತರಿಸುವ ಜಾಗದ ಪಕ್ಕ ಮೊದಲೇ ದಾರ ಬಿಗಿಯದಿದ್ದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಕೂದಲು ನುಣುಪು, ಒಂದು ಗಂಟಿಗೆ ನಿಲ್ಲದೆ ಜಾರುತ್ತದೆ. ಕೊಕ್ಕೆಗೆ ನಾಲ್ಕಾರು ಸುತ್ತು ಸುತ್ತಿಯೇ ಗಂಟು ಹಾಕಬೇಕು. ಕತ್ತರಿಯೋ, ಮಾಟಗಾತಿ ಬಂದಾಗ ಮಾತ್ರ ಕಾಣುವ ವಸ್ತು. ಅದನ್ನು ಕೇಳಿ ಪಡೆಯಲು ಮೂರು ನೆಪ ಬೇಕು. ಎರಡು ನೆಪ ಕೆಡಬೇಕು, ಮೂರನೆಯದು ಮೊದಲೆರಡಕ್ಕಿಂತ ದಡ್ಡತನದ್ದಾಗಿದ್ದೂ ಫಲಿಸಬೇಕು. ಮಕ್ಕಳು ಬಿದ್ದು ಬಿದ್ದು ನಗುವುದು ಅಲ್ಲಿ.

ರಾಜಕುಮಾರನನ್ನೂ ಹಂಗಿಸಬೇಕಿಲ್ಲ. ದಿನಕ್ಕೊಂದು ಲಡಿ ರೇಷ್ಮೆ ಭಕ್ತಿಯಿಂದ ಹೊತ್ತು ತರುವವನನ್ನು ಅವಳು ಒಂದು ಸಂಜೆ ಕೇಳಲಿ: "ಹಗ್ಗವನ್ನೇ ತರಬಹುದಿತ್ತಲ್ಲ?" ಅವನು ಪ್ರಾಮಾಣಿಕವಾಗಿ ಉತ್ತರಿಸಲಿ: "ನೀವು ರೇಷ್ಮೆ ಅಂದಿದ್ರಿ." ಇಲ್ಲಿ ಇಬ್ಬರೂ ಒಳ್ಳೆಯವರು, ಆದರೂ ನಗು ಬರುತ್ತದೆ. ಇದನ್ನು ವಿವರಿಸುವ ಸಾಲು ಮುಂದೆ ಬಂದರೆ ಹೊಡೆದುಹಾಕಿ.

ಕೂಟ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಆ ಹುಡುಗಿಯ ಪಕ್ಕದವನು, ಅವಳ ತಮ್ಮನಿರಬೇಕು, ಆಂಟಿ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದ: "ಕೆಳಗೆ ಬಂದು ಏನ್ ಮಾಡ್ತಾಳೆ?"

ಅವಳು ಪಟ್ಟಿ ಬಿಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಮೊದಲು ನಡೀತಾಳೆ. ಮೇಲೆ ಒಂದೇ ರೂಮಲ್ವಾ, ನೇರ ನಡೆದು ಎಷ್ಟ್ ದಿನ ಆಗಿತ್ತೋ. ಕಾಲು ನೋಯತ್ತೆ, ಆದ್ರೂ ನಡೀತಾಳೆ."