ಹತ್ತನೇ ಕಾಲಮ್ಮಿನ ಸೊನ್ನೆ

ರಾಯಚೂರಿನ ಹತ್ತಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿ. ಹರಾಜು ಮುಗಿದು ತಕ್‌ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬರೆಯುವ ಹೊತ್ತಿಗೇ ಲಿನಕ್ಸ್ ಸರ್ವರ್ ಗಕ್ಕನೆ ನಿಲ್ಲುತ್ತಿತ್ತು, ಒಂದೆರಡು ಸೆಕೆಂಡಾದ ಮೇಲೆ ಮತ್ತೆ ಓಡುತ್ತಿತ್ತು. ಫ್ರೀ ಮೆಮೊರಿ ಬೇಕಾದಷ್ಟಿದೆ, ಡಿಸ್ಕ್ ಸುಮ್ಮನಿದೆ. ರೀಸ್ಟಾರ್ಟ್ ಮಾಡಿದರೆ ಎರಡು ದಿನ ಸರಿ, ಆಮೇಲೆ ಅದೇ ರಾಗ. ಸುಳಿವು ಇದ್ದದ್ದೇ ಅಲ್ಲಿ.

ಮೊದಲು ತೆರೆದದ್ದು ಲಿನಕ್ಸ್ ತನ್ನ ಒಳಸ್ಥಿತಿ ತೋರಿಸುವ ಪ್ರೊಕ್ ಒಳಗಿನ ಬಡ್ಡಿಇನ್ಫೊ, ಖಾಲಿ ಮೆಮೊರಿ ಎಷ್ಟೆಷ್ಟು ದೊಡ್ಡ ತುಂಡುಗಳಲ್ಲಿದೆ ಎಂಬ ಪಟ್ಟಿ (ದಲಾಲರ ಬಡ್ಡಿಗೂ ಇದಕ್ಕೂ ಸಂಬಂಧವಿಲ್ಲ). ಅದರಲ್ಲಿ 11 ಕಾಲಮ್. ಹತ್ತನೆಯದು 512 ಪೇಜುಗಳ (ಪೇಜ್ ಎಂದರೆ ಮೆಮೊರಿ ಹಂಚುವ ಸಣ್ಣ ಅಳತೆ) ಅಖಂಡ ತುಂಡುಗಳ ಲೆಕ್ಕ: 4 ಕೆಬಿಯಂತೆ 512, ಅಂದರೆ 2 ಎಂಬಿಯ ಒಂದು ಹ್ಯೂಜ್ ಪೇಜ್. ಮೊದಲ ಕಾಲಮ್ಮುಗಳಲ್ಲಿ ಸಾವಿರಾರು, ಕೊನೆಯ ಎರಡರಲ್ಲಿ ಸೊನ್ನೆ. ಗೋದಾಮಿನಲ್ಲಿ ಅಲ್ಲಲ್ಲಿ ಜಾಗ ಇದೆ, ಒಂದು ಲಾರಿ ಚೀಲ ಒಟ್ಟಿಗೆ ಇಳಿಸುವಂತಿಲ್ಲ. ರಾತ್ರಿಯ ಬ್ಯಾಕಪ್ ಲಕ್ಷಗಟ್ಟಲೆ ಸಣ್ಣ ಫೈಲ್ ತಡಕುತ್ತಿತ್ತು. ಅದು ಬಿಟ್ಟುಹೋದ ಐನೋಡ್, ಡೆಂಟ್ರಿ ಕ್ಯಾಶ್‌ಗಳನ್ನು (ಫೈಲುಗಳ ವಿವರ, ಹೆಸರುಗಳ ನೆನಪು) ಲಿನಕ್ಸ್‌ನ ತಿರುಳಾದ ಕರ್ನಲ್ ಬೇಕಾದರೆ ಬಿಸಾಡಬಹುದು, ಪಕ್ಕಕ್ಕೆ ಸರಿಸಲಾಗದು.

ಮೆಮೊರಿಯ ಘಟನೆಗಳನ್ನು ಎಣಿಸುವ ವಿಎಂಸ್ಟಾಟ್ ಅಂಕಿಗಳು ಬೂಟ್ ಆದಾಗಿನಿಂದ ಕೂಡುತ್ತಲೇ ಹೋಗುತ್ತವೆ, ಒಂದು ಸಲ ನೋಡಿದರೆ ಏನೂ ತಿಳಿಯದು. 5 ಸೆಕೆಂಡಿಗೊಮ್ಮೆ ಬರೆದು ಕಳೆಯಬೇಕು. ಟಿಎಚ್‌ಪಿ ಫಾಲ್ಟ್ ಅಲಾಕ್ (ಹ್ಯೂಜ್ ಪೇಜ್ ಸಿಕ್ಕ ಲೆಕ್ಕ) ಕದಲದೆ ಫಾಲ್ಟ್ ಫಾಲ್‌ಬ್ಯಾಕ್ (ಸಿಗದೆ ಸಣ್ಣ ಪೇಜಿಗೆ ಇಳಿದ ಲೆಕ್ಕ) ಏರುತ್ತಿತ್ತು, ಜೊತೆಗೆ ಕಾಂಪ್ಯಾಕ್ಟ್ ಸ್ಟಾಲ್ (ಚದುರಿದ ಪೇಜು ಸರಿಸಿ ಜಾಗ ಒಟ್ಟುಮಾಡಲು ಪ್ರೋಗ್ರಾಮೇ ನಿಂತ ಲೆಕ್ಕ) ಕೂಡ.

ಇಲ್ಲಿ ಬಹಳ ಜನ ಎಡವುತ್ತಾರೆ. ಕರ್ನಲ್ ಒಳಗೆ ನಡೆಯುವುದನ್ನು ದಾಖಲಿಸುವ ಟ್ರೇಸಿಂಗ್‌ನಲ್ಲಿ ಹ್ಯೂಜ್ ಮೆಮೊರಿ ಎಂಬ ಇವೆಂಟ್ ಗುಂಪು ಕಂಡ ಕೂಡಲೇ ಅದನ್ನೇ ಆನ್ ಮಾಡಿ ಕೂರುತ್ತಾರೆ. ಅದು ಮುಖ್ಯವಾಗಿ ಹೇಳುವುದು ಕೆಹ್ಯೂಜ್‌ಪೇಜ್‌ಡಿಯ ಕತೆ, ಹಿನ್ನೆಲೆಯಲ್ಲಿ ಸಣ್ಣ ಪೇಜು ಕೂಡಿಸುವ ಕೆಲಸ. ನಿಲ್ಲುತ್ತಿದ್ದದ್ದು ಫಾಲ್ಟ್ ದಾರಿಯಲ್ಲಿ, ಅಂದರೆ ಪ್ರೋಗ್ರಾಮು ಮೆಮೊರಿಯನ್ನು ಮೊದಲ ಸಲ ಮುಟ್ಟಿ ಪೇಜು ಕೇಳುವಾಗ. ಅದಕ್ಕೆ ಕಾಂಪ್ಯಾಕ್ಷನ್ ಗುಂಪಿನ ಬಿಗಿನ್, ಎಂಡ್ ಇವೆಂಟ್ ಬೇಕು. ಟ್ರೇಸ್‌ನ ಎಡಗಡೆ ಹೆಸರು ನೋಡಿ: ಹಿನ್ನೆಲೆಯಲ್ಲಿ ಜಾಗ ಒಟ್ಟುಮಾಡುವ ಕೆಕಾಂಪ್ಯಾಕ್ಟ್‌ಡಿ ಇದ್ದರೆ ಹಮಾಲ ತನ್ನ ಕೆಲಸ ಮಾಡುತ್ತಿದ್ದಾನೆ. ಇಲ್ಲಿದ್ದದ್ದು ಡೇಟಾಬೇಸಿನ ಹೆಸರು. ಗುಮಾಸ್ತ ಪಟ್ಟಿ ಬದಿಗಿಟ್ಟು ಚೀಲ ಹೊರುತ್ತಿದ್ದ!

ಯಾರೋ ಹ್ಯೂಜ್ ಪೇಜಿನ ಡೀಫ್ರಾಗ್ ಸೆಟ್ಟಿಂಗನ್ನು ಆಲ್ವೇಸ್ ಮಾಡಿಟ್ಟಿದ್ದರು, ಅಂದರೆ ಜಾಗ ಸಿಗದಿದ್ದರೆ ಕೇಳಿದವರೇ ನಿಂತು ಒಟ್ಟುಮಾಡಬೇಕು. ಡಿಫರ್‌ಗೆ ಬದಲಿಸಿದ್ದೇ ತಡ, ಹೊರೆ ಹಿನ್ನೆಲೆಯ ಥ್ರೆಡ್‌ಗಳಿಗೆ ಹೋಯಿತು. ಹ್ಯೂಜ್ ಪೇಜನ್ನೇ ನೆವರ್ ಮಾಡಿ ಕೈತೊಳೆದುಕೊಳ್ಳುವವರೂ ಇದ್ದಾರೆ, ಇಲ್ಲಿ ಅದು ಬೇಕಿರಲಿಲ್ಲ.

ಒಂದು ಮಾತು: ಆ ಬದಲಾವಣೆ ರೀಬೂಟ್ ಆದರೆ ಉಳಿಯದು. ಪಕ್ಕದ ಶಕ್ತಿನಗರದಲ್ಲೇ ಕರೆಂಟ್ ಹುಟ್ಟಿದರೂ ಊರಲ್ಲಿ ಹೋಗುವುದು ಹೋಗುತ್ತದೆ. ಬೂಟ್ ಆಗುವಾಗಲೇ ಓಡುವ ಸ್ಕ್ರಿಪ್ಟಿನಲ್ಲಿ ಬರೆದಿಡಿ.