ಒಬ್ಬನಿಗೆ ಮಾತ್ರ ಒಲಿದ ಕುದುರೆ

ನಾವು ಬಾಡಿಗೆಗಿರುವ ಮನೆ ಲಾಸ್ ಏಂಜಲೀಸ್ ನಗರದ ವಾಯವ್ಯ ಅಂಚಿನ ಚಾಟ್ಸ್‌ವರ್ತ್‌ನಲ್ಲಿದೆ. ಇಲ್ಲಿ ಇಂದಿಗೂ ಕೆಲವು ಮನೆಗಳ ಹಿತ್ತಿಲಲ್ಲಿ ಕುದುರೆ ಲಾಯಗಳಿದ್ದು, ಬೆಳಗಿನ ಹೊತ್ತು ರಸ್ತೆಬದಿಯ ಮಣ್ಣುಹಾದಿಯಲ್ಲಿ ಗೊರಸಿನ ಸದ್ದು ಕೇಳಿಸುತ್ತದೆ. ಊರಿನ ಉತ್ತರಕ್ಕೆ, ಬೆಟ್ಟಸಾಲಿನ ಬುಡದಲ್ಲಿ, ಮರಳುಗಲ್ಲಿನ ದೊಡ್ಡ ದೊಡ್ಡ ಬಂಡೆಗಳು ಒಂದಕ್ಕೊಂದು ಒರಗಿ ನಿಂತಿವೆ. ಮೊದಲ ಸಲ ಅವನ್ನು ಕಂಡಾಗ ನನಗೆ ನೆನಪಾದದ್ದು ರಾಮನಗರ. ಅಲ್ಲಿಯದು ಕರಿಛಾಯೆಯ ಗ್ರಾನೈಟು, ಇಲ್ಲಿಯದು ಕಂದುಬಣ್ಣದ ಮೆದುಗಲ್ಲು. ಆದರೂ ಎರಡಕ್ಕೂ ಒಂದು ನಂಟಿದೆ ಎಂಬುದು ನನಗೆ ಆಮೇಲೆ ತಿಳಿಯಿತು. 1970ರ ದಶಕದಲ್ಲಿ ರಾಮನಗರದ ಬಂಡೆಗಳ ನಡುವೆ ‘ಶೋಲೆ’ಯ ಕುದುರೆಗಳು ಓಡುವುದಕ್ಕೆ ಎಷ್ಟೋ ವರ್ಷ ಮೊದಲೇ, ಐವರ್ಸನ್ ಎಂಬ ಮನೆತನಕ್ಕೆ ಸೇರಿದ್ದ ಈ ಬಂಡೆಗಾಡಿನಲ್ಲಿ ಹಾಲಿವುಡ್ಡಿನ ಕುದುರೆಗಳು ಓಡಿದ್ದವು. ಅವುಗಳಲ್ಲಿ ಒಂದರ ಹೆಸರು ಫ್ಯೂರಿ. ಅದರ ಬಗ್ಗೆ ನಾನು ಬರೆಯಹೊರಟಿರುವುದು ನನ್ನ ಒಂಬತ್ತು ವರ್ಷದ ಮಗನ ಕಾರಣದಿಂದ.

ಮೈಸೂರಿನಿಂದ ಇಲ್ಲಿಗೆ ಬಂದ ಮೊದಲ ನಾಲ್ಕು ತಿಂಗಳು ಅವನು ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಇಂಗ್ಲಿಷ್ ಬಾರದ ಹುಡುಗನೇನೂ ಅಲ್ಲ; ಮೈಸೂರಿನಲ್ಲಿ ತರಗತಿಯ ನಾಟಕದಲ್ಲಿ ಪಾತ್ರ ಮಾಡಿದ್ದವನು. ಇಲ್ಲಿ ಮಾತ್ರ ಕೇಳಿದ ಪ್ರಶ್ನೆಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ನಾವು ಅವನಿಗೆ ಸೈಕಲ್ ಕೊಡಿಸಿದೆವು, ಬೇರೆ ಕೋಣೆ ಕೊಟ್ಟೆವು, ರಜೆಯಲ್ಲಿ ಸಮುದ್ರ ತೋರಿಸಿದೆವು. ಪ್ರತಿಯೊಂದಕ್ಕೂ ಅವನು ವಿಧೇಯನಾಗಿ ಸಂತೋಷ ತೋರಿಸುತ್ತಿದ್ದ, ಮತ್ತು ಆ ವಿಧೇಯತೆಯೇ ನನ್ನ ಕರುಳನ್ನು ಹಿಂಡುತ್ತಿತ್ತು. ಆ ದಿನಗಳಲ್ಲಿ ಪಕ್ಕದ ಮನೆಯ ಹಿರಿಯರು, ಒಬ್ಬರೇ ಇರುವವರು, ವಯಸ್ಸು ಎಂಬತ್ತರ ಹತ್ತಿರ, ಒಂದು ಶನಿವಾರ ಬೆಳಿಗ್ಗೆ ಬೇಲಿಯ ಆಚೆಯಿಂದ ನನ್ನ ಒಪ್ಪಿಗೆ ಕೇಳಿ, ತಮ್ಮ ಬಾಲ್ಯದ ಟಿವಿ ಧಾರಾವಾಹಿಯನ್ನು ನೋಡಲು ಅವನನ್ನು ಕರೆದರು. ತಮಗೆ ಅವನಷ್ಟು ವಯಸ್ಸಾಗಿದ್ದಾಗ ಶನಿವಾರವೆಂದರೆ ಅದೇ ಆಗಿತ್ತು ಎಂದರು.

‘ಫ್ಯೂರಿ’ 1955ರ ಅಕ್ಟೋಬರ್‌ನಿಂದ 1960ರ ಮಾರ್ಚ್‌ವರೆಗೆ ಎನ್‌ಬಿಸಿ ಎಂಬ ಅಮೆರಿಕದ ಟಿವಿ ವಾಹಿನಿಯಲ್ಲಿ ಶನಿವಾರದ ಬೆಳಗುಗಳಲ್ಲಿ ಪ್ರಸಾರವಾದ, ಐದು ಸರಣಿಗಳಲ್ಲಿ ನೂರನ್ನು ಮೀರಿದ ಕಂತುಗಳ, ಅರ್ಧ ಗಂಟೆಯ ಕಪ್ಪು–ಬಿಳುಪು ಧಾರಾವಾಹಿ. ಆಮೇಲೂ ಅದು ವರ್ಷಗಟ್ಟಲೆ ಮರುಪ್ರಸಾರವಾಯಿತು. ಬೇರೆ ಬೇರೆ ಕೇಂದ್ರಗಳಿಗೆ ಮಾರಾಟವಾದಾಗ ‘ಬ್ರೇವ್ ಸ್ಟಾಲಿಯನ್’ ಎಂಬ ಇನ್ನೊಂದು ಹೆಸರಿನಲ್ಲಿ ಬಂದಿತು. ಬ್ರೋಕನ್ ವೀಲ್ ಎಂಬ, ಕುದುರೆಗಳನ್ನು ಸಾಕುವ ವಿಶಾಲ ಜಮೀನಿನ, ಅಂದರೆ ರ‍್ಯಾಂಚಿನ ಒಡೆಯ ಜಿಮ್ ನ್ಯೂಟನ್, ಅಲ್ಲಿ ದುಡಿಯುತ್ತ ಅಡುಗೆಯನ್ನೂ ನೋಡಿಕೊಳ್ಳುವ ಮುದುಕ ಪೀಟ್, ಜಿಮ್ ಸಾಕಲು ತಂದ ಹುಡುಗ ಜೋಯಿ, ಮತ್ತು ಕರಿಯ ಗಂಡುಕುದುರೆ ಫ್ಯೂರಿ. ಕಥೆಯ ಮುಖ್ಯ ಪಾತ್ರಗಳು ಇಷ್ಟೇ. ಜಿಮ್ ಆಗಿ ನಟಿಸಿದವರು ಪೀಟರ್ ಗ್ರೇವ್ಸ್, ಪೀಟ್ ಆಗಿ ವಿಲಿಯಂ ಫಾಸೆಟ್, ಜೋಯಿಯಾಗಿ ಆಗ ಹನ್ನೆರಡು ವರ್ಷದವನಾಗಿದ್ದ ಬಾಬಿ ಡೈಮಂಡ್. ಈ ಹುಡುಗ ಮುಂದೆ ನಟನೆ ಬಿಟ್ಟು ವಕೀಲನಾದ. ಗ್ರೇವ್ಸ್ ಅವರ ಅಣ್ಣ ಜೇಮ್ಸ್ ಆರ್ನೆಸ್, ಅದೇ 1955ರಲ್ಲಿ ಸಿಬಿಎಸ್ ವಾಹಿನಿಯಲ್ಲಿ ಆರಂಭವಾದ ‘ಗನ್‌ಸ್ಮೋಕ್’ ಧಾರಾವಾಹಿಯ ನಾಯಕ. ಶನಿವಾರ ಬೆಳಿಗ್ಗೆ ಮಕ್ಕಳಿಗೆ ತಮ್ಮ, ಅದೇ ರಾತ್ರಿ ದೊಡ್ಡವರಿಗೆ ಅಣ್ಣ! ನಮ್ಮ ನೆರೆಯವರ ಮನೆಯಲ್ಲಿ ಮಕ್ಕಳಿಗೆ ರಾತ್ರಿಯದನ್ನು ನೋಡುವ ಅಪ್ಪಣೆ ಇರಲಿಲ್ಲವಂತೆ.

ಮೊದಲ ಕಂತನ್ನು ನಾನೂ ಮಗನ ಜೊತೆ ಕುಳಿತು ನೋಡಿದೆ. ಕುದುರೆ, ಹುಡುಗ, ಬಯಲು ಎಂದುಕೊಂಡು ಹೋಗಿದ್ದ ನನಗೆ ಕಥೆ ಶುರುವಾಗುವ ಜಾಗವೇ ಅನಿರೀಕ್ಷಿತವಾಗಿತ್ತು. ಅದು ಶುರುವಾಗುವುದು ಊರಿನ ಬೀದಿಯಲ್ಲಿ. ದಿಕ್ಕಿಲ್ಲದ ಹುಡುಗನೊಬ್ಬ ತಾನು ಮಾಡದ ತಪ್ಪಿಗೆ ಸಿಕ್ಕಿಬೀಳುತ್ತಾನೆ. ಮೊದಲೇ ಪುಂಡನೆಂದು ಹೆಸರಾದವನ ಮಾತನ್ನು ಯಾರೂ ನಂಬುವುದಿಲ್ಲ. ನಡೆದದ್ದನ್ನು ಕಣ್ಣಾರೆ ಕಂಡ ಜಿಮ್ ನ್ಯಾಯಾಧೀಶರ ಮುಂದೆ ನಿಂತು ಸತ್ಯ ಹೇಳುತ್ತಾನೆ, ಮತ್ತು ಹುಡುಗನನ್ನು ತನ್ನ ಮನೆಗೆ ಕರೆದೊಯ್ಯಲು ಅನುಮತಿ ಕೇಳುತ್ತಾನೆ. ಅವನ ಹೆಂಡತಿ ಮತ್ತು ಮಗ, ಕುಡಿದು ಗಾಡಿ ಓಡಿಸಿದವನೊಬ್ಬನಿಂದಾದ ಅಪಘಾತದಲ್ಲಿ ಸತ್ತಿದ್ದಾರೆ. ಮಕ್ಕಳ ಕಾರ್ಯಕ್ರಮವೊಂದು ಇಷ್ಟು ದೊಡ್ಡ ದುಃಖವನ್ನು ಮುಚ್ಚಿಡದೆ, ಅದನ್ನೇ ಎಳೆದು ಕಣ್ಣೀರು ಹಾಕಿಸಲೂ ಹೋಗದೆ, ನಾಲ್ಕು ಮಾತಿನಲ್ಲಿ ಹೇಳಿ ಮುಂದೆ ನಡೆಯುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ರ‍್ಯಾಂಚಿಗೆ ಬಂದ ಜೋಯಿಗೆ ಎಲ್ಲವೂ ಸಿಗುತ್ತದೆ: ಊಟ, ಹಾಸಿಗೆ, ಕೊನೆಗೆ ಜಿಮ್‌ನ ಮನೆತನದ ಹೆಸರು. ಆದರೆ ಇವೆಲ್ಲವೂ ಇನ್ನೊಬ್ಬರು ಕೊಟ್ಟದ್ದು, ಮತ್ತು ಕೊಟ್ಟವರ ಋಣ ಮಗುವಿನ ಹೆಗಲ ಮೇಲೂ ಕೂರುತ್ತದೆ. ಅದೇ ರ‍್ಯಾಂಚಿನಲ್ಲಿ ಆಗತಾನೆ ಕಾಡಿನಿಂದ ಹಿಡಿದು ತಂದ ಕುದುರೆಯೊಂದಿದೆ. ಜೀನು ಹಾಕಲು ಹೋದವರನ್ನೆಲ್ಲ ಅದು ಝಾಡಿಸಿ ಕೆಡವುತ್ತದೆ. ಹೆಸರೇ ಫ್ಯೂರಿ, ಅಂದರೆ ರೋಷ. ಅಂಥ ಕುದುರೆ ಹುಡುಗನೊಬ್ಬನಿಗೆ ಮಾತ್ರ ಒಲಿಯುತ್ತದೆ. ಇಡೀ ಧಾರಾವಾಹಿ ನಿಂತಿರುವುದು ಈ ಒಂದು ನಿಯಮದ ಮೇಲೆ. ಜೋಯಿಯನ್ನು ಬಿಟ್ಟರೆ, ಅವನು ಒಪ್ಪಿ ಹೇಳಿದವರು ಮಾತ್ರ ಫ್ಯೂರಿಯ ಬೆನ್ನೇರಬಹುದು. ರ‍್ಯಾಂಚಿನ ಒಡೆಯನೂ ಹುಡುಗನ ಒಪ್ಪಿಗೆಗೆ ಕಾಯಬೇಕು. ಬರೆದವರು ಇದನ್ನು ಎಷ್ಟು ಆಲೋಚಿಸಿ ಬರೆದರೋ ನಾನರಿಯೆ. ಆದರೆ ಹೊಸ ಮನೆಗೆ ಬಂದ ಮಗುವಿನ ಮನಸ್ಸನ್ನು ಇದಕ್ಕಿಂತ ಚೆನ್ನಾಗಿ ಹಿಡಿಯುವುದು ಕಷ್ಟ. ಸೈಕಲ್, ಕೋಣೆ, ಸಮುದ್ರ ಇವೆಲ್ಲ ನಾವು ಕೊಟ್ಟದ್ದು. ದೊಡ್ಡವರಾದ ನಾವು ಅವನನ್ನು ಕೇಳಿ ಒಳಗೆ ಬರಬೇಕಾದಂಥ ಜಾಗ ಅವನಿಗೆ ಈ ಊರಿನಲ್ಲಿ ಒಂದೂ ಇರಲಿಲ್ಲ.

ಎರಡನೆಯ ವಾರ ಮಗ ನನ್ನನ್ನು ಬರುವುದು ಬೇಡವೆಂದ. ನಾನು ಒಪ್ಪಿದೆ.

ನಮ್ಮ ಶನಿವಾರ ಸಂಜೆ ಮೈಸೂರಿನಲ್ಲಿ ಭಾನುವಾರದ ಬೆಳಗು. ಆ ಹೊತ್ತಿಗೆ ನಮ್ಮ ಅತ್ತೆ ಪೂಜೆ ಮುಗಿಸಿ, ಕಾಫಿ ಲೋಟ ಹಿಡಿದು ವಿಡಿಯೋ ಕರೆಗೆ ಕೂರುತ್ತಾರೆ. ಅವರಿಗೆ ಮಗ ಆಯಾ ವಾರದ ಕಂತನ್ನು ಕನ್ನಡದಲ್ಲಿ ಹೇಳತೊಡಗಿದ, ಬಾಗಿಲು ಮುಂದೆ ಮಾಡಿಕೊಂಡು. ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಅಲ್ಲೊಂದು ಇಲ್ಲೊಂದು ಮಾತು ಬೀಳುತ್ತಿತ್ತು. “ಲೋ ಕಂದ, ಆ ಕುದುರೆಗೆ ಹುರುಳಿ ಬೇಯಿಸಿ ಹಾಕ್ತಾರೇನೋ?” ಎಂದು ಅವರು ಒಮ್ಮೆ ಕೇಳಿದರು. ಅವನಿಗೆ ಉತ್ತರ ಗೊತ್ತಿರಲಿಲ್ಲ. ಮರುವಾರ ಪಕ್ಕದ ಮನೆಯವರನ್ನು ವಿಚಾರಿಸಿಕೊಂಡು ಬಂದು, “ಇಲ್ಲ ಅಜ್ಜಿ, ಇಲ್ಲಿ ಒಣಹುಲ್ಲು, ಓಟ್ಸು. ಹುರುಳಿ ಅಂದ್ರೆ ಏನು ಅಂತ ತಾತಂಗೆ ನಾನೇ ಹೇಳಿದೆ” ಎಂದ. ನಾಲ್ಕು ತಿಂಗಳಲ್ಲಿ ಅವನು ಮನೆಯ ಹೊರಗೆ ಯಾರಿಗೋ ಏನನ್ನೋ ವಿವರಿಸಿದ್ದು ಅದೇ ಮೊದಲು ಎಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹುರುಳಿಯನ್ನು ಇಂಗ್ಲಿಷಿನವರು ಕುದುರೆಯ ಹೆಸರಿನಿಂದಲೇ ಕರೆಯುತ್ತಾರೆಂದು ತಿಳಿದ ದಿನ ಅತ್ತೆಯ ಸಂಭ್ರಮ ಹೇಳತೀರದು.

ಕ್ರಮೇಣ ಅವನ ವರದಿಗಳು ಕಥೆಯಿಂದ ಕುದುರೆಯ ಕಡೆಗೆ ಹೊರಳಿದವು. ಫ್ಯೂರಿಯಾಗಿ ನಟಿಸಿದ ಕುದುರೆಯ ನಿಜವಾದ ಹೆಸರು ಹೈಲ್ಯಾಂಡ್ ಡೇಲ್. ಲಾಯದಲ್ಲಿ ಕರೆಯುತ್ತಿದ್ದದ್ದು ಬ್ಯೂಟ್ ಎಂದು. ರಾಲ್ಫ್ ಮೆಕಚನ್ ಎಂಬ ತರಬೇತುಗಾರ ಅದನ್ನು ಪಳಗಿಸಿದ್ದ. 1954ರ ‘ಜಿಪ್ಸಿ ಕೋಲ್ಟ್’ ಎಂಬ ಚಿತ್ರದಲ್ಲಿ ಅದರದೇ ಮುಖ್ಯ ಪಾತ್ರ; 1956ರ ‘ಜೈಂಟ್’ ಚಿತ್ರದಲ್ಲಿ ಎಲಿಜಬೆತ್ ಟೇಲರ್ ಅವರ ಕುದುರೆಯಾಗಿ ಬರುವುದೂ ಅದೇ. ಮಗ ಒಂದು ಸೂಕ್ಷ್ಮವನ್ನು ತಾನಾಗಿಯೇ ಗಮನಿಸಿದ್ದ: ಜೋಯಿ ಮಾತಾಡುವಾಗ ಕುದುರೆಯ ಕಿವಿಗಳು ಜೋಯಿಯ ಕಡೆಗಲ್ಲದೆ ಕೊಂಚ ಬೇರೆ ದಿಕ್ಕಿಗೆ ತಿರುಗಿರುತ್ತವೆ. ಪರದೆಯ ಅಂಚಿನಾಚೆ ತರಬೇತುಗಾರ ನಿಂತಿರುತ್ತಾನೆ, ಅವನ ಕೈಯ ಸನ್ನೆಗೆ, ಉದ್ದನೆಯ ಚಾವಟಿಯ ತುದಿ ತೋರುವ ದಿಕ್ಕಿಗೆ ಕುದುರೆ ಕಿವಿಗೊಟ್ಟಿರುತ್ತದೆ ಎಂದು ನೆರೆಯವರು ಬಿಡಿಸಿ ಹೇಳಿದರಂತೆ. ಲಗಾಮಿಲ್ಲದೆ, ಹಗ್ಗವಿಲ್ಲದೆ ಕುದುರೆಯನ್ನು ಹೀಗೆ ಕೆಲಸ ಮಾಡಿಸಲು ವರ್ಷಗಳ ತಾಳ್ಮೆ ಬೇಕು. ಗುಟ್ಟು ತಿಳಿದರೆ ಮಗನ ಉತ್ಸಾಹ ಕುಂದೀತೆಂದು ನಾನು ಅಂಜಿದ್ದೆ. ಆದದ್ದು ಬೇರೆ, ಆಮೇಲೆ ಅವನು ಪ್ರತಿ ದೃಶ್ಯದಲ್ಲೂ ತರಬೇತುಗಾರ ಎಲ್ಲಿ ನಿಂತಿರಬಹುದೆಂದು ಲೆಕ್ಕ ಹಾಕತೊಡಗಿದ.

ಕಥೆಯಲ್ಲಿ ಫ್ಯೂರಿ ಕಾಡುಕುದುರೆ. ಆದರೆ ಬಿಲ್ಲಿನಂತೆ ಬಾಗಿದ ನೀಳ ಕತ್ತು, ಎತ್ತಿ ಎತ್ತಿ ಇಡುವ ಹೆಜ್ಜೆ, ಇವು ಅಮೆರಿಕನ್ ಸ್ಯಾಡಲ್‌ಬ್ರೆಡ್ ಎಂಬ, ಪ್ರದರ್ಶನಗಳಿಗೆಂದೇ ಹೆಸರಾದ ತಳಿಯ ಲಕ್ಷಣಗಳು. ಪಶ್ಚಿಮದ ಬಯಲುಗಳಲ್ಲಿ ಅಲೆಯುವ ನಿಜವಾದ ಮಸ್ಟಾಂಗ್ ಕುದುರೆಗಳು ಗಿಡ್ಡ, ಗಟ್ಟಿಮುಟ್ಟು. ಮಕ್ಕಳು ಶನಿವಾರ ಬೆಳಿಗ್ಗೆ ಫ್ಯೂರಿಯನ್ನು ನೋಡುತ್ತಿದ್ದ ಅದೇ ವರ್ಷಗಳಲ್ಲಿ ಆ ಮಸ್ಟಾಂಗ್‌ಗಳನ್ನು ವಿಮಾನಗಳಿಂದ ಬೆದರಿಸಿ, ಟ್ರಕ್ಕುಗಳಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿದು, ಸಾಕುಪ್ರಾಣಿಗಳ ಆಹಾರಕ್ಕಾಗಿ ಕಸಾಯಿಖಾನೆಗೆ ಸಾಗಿಸಲಾಗುತ್ತಿತ್ತು ಎಂಬುದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು. ನೆವಾಡದ ವೆಲ್ಮಾ ಜಾನ್‌ಸ್ಟನ್ ಎಂಬ ಮಹಿಳೆ 1950ರಲ್ಲಿ ತಾನು ಕಚೇರಿಗೆ ಹೋಗುವ ದಾರಿಯಲ್ಲಿ ರಕ್ತ ಸೋರುತ್ತಿದ್ದ ಟ್ರಕ್ಕೊಂದನ್ನು ಕಂಡು ಹಿಂಬಾಲಿಸಿದರು, ಒಳಗಿದ್ದದ್ದು ಕಾಡುಕುದುರೆಗಳು. ಅಲ್ಲಿಂದ ಮುಂದೆ ಅವರ ಬದುಕೇ ಆ ಕುದುರೆಗಳಿಗೆ ಮುಡಿಪಾಯಿತು. ಅವರ ಹೋರಾಟದ ಫಲವಾಗಿ ವಿಮಾನ ಮತ್ತು ವಾಹನಗಳಿಂದ ಕಾಡುಕುದುರೆಗಳನ್ನು ಅಟ್ಟುವುದನ್ನು ನಿಷೇಧಿಸುವ ಕಾನೂನು 1959ರಲ್ಲಿ ಬಂದಿತು, ಅವುಗಳಿಗೆ ಇನ್ನೂ ಬಲವಾದ ರಕ್ಷಣೆ ಕೊಟ್ಟ ಕಾನೂನು 1971ರಲ್ಲಿ. ಎರಡನೆಯ ಕಾನೂನಿಗಾಗಿ ದೇಶದ ಶಾಲಾಮಕ್ಕಳು ಸಂಸತ್ತಿಗೆ ರಾಶಿ ರಾಶಿ ಪತ್ರ ಬರೆದಿದ್ದರು. ಅವರಲ್ಲಿ ಎಷ್ಟು ಮಕ್ಕಳ ಮನಸ್ಸಿನಲ್ಲಿ ಫ್ಯೂರಿ ಇದ್ದನೋ!

ಧಾರಾವಾಹಿಯಲ್ಲಿ ನನಗೆ ಒಪ್ಪದ ಸಂಗತಿಗಳೂ ಇವೆ. ಶಾಲೆಯ ಅಧ್ಯಾಪಕಿ ಹೆಲೆನ್ ಎಂಬೊಬ್ಬಳನ್ನು ಬಿಟ್ಟರೆ ಆ ರ‍್ಯಾಂಚಿನ ಸುತ್ತ ಹೆಂಗಸರ ಸುಳಿವೇ ಕಡಿಮೆ. ಕಳ್ಳನೋ, ಕಾಡ್ಗಿಚ್ಚೋ, ಸುಳ್ಳು ಹೇಳಿದ ಗೆಳೆಯನೋ, ಏನೇ ಬರಲಿ, ಅರ್ಧ ಗಂಟೆಯೊಳಗೆ ಎಲ್ಲವೂ ಸರಿಹೋಗಲೇಬೇಕು; ಬೆಂಕಿಯ ಎಚ್ಚರಿಕೆ, ವನ್ಯಜೀವಿಗಳ ರಕ್ಷಣೆ, ನೆರೆಹೊರೆಯ ಧರ್ಮ ಇಂಥ ಪಾಠಗಳು ಆಗಾಗ ಕಥೆಗಿಂತ ಮುಂದೆ ಬಂದು ನಿಲ್ಲುತ್ತವೆ. ಅದೇ ಕಾಲಕ್ಕೆ, 1956ರಲ್ಲಿ, ಸಿಬಿಎಸ್‌ನಲ್ಲಿ ಬಂದ ‘ಮೈ ಫ್ರೆಂಡ್ ಫ್ಲಿಕಾ’ ಬಣ್ಣದಲ್ಲಿ ಚಿತ್ರಿತವಾದದ್ದು. ಅಲ್ಲಿನ ಹುಡುಗ ಕೆನ್‌ಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ, ಕುದುರೆಯೂ ಸೌಮ್ಯ. ಅದು ಒಂದೇ ಸರಣಿಗೆ, 39 ಕಂತುಗಳಿಗೆ, ನಿಂತಿತು. ನೋಡಲು ಫ್ಲಿಕಾ ಹೆಚ್ಚು ಸುಂದರ ಎಂಬುದರಲ್ಲಿ ಸಂದೇಹವಿಲ್ಲ, ಆದರೆ ಮಗನಿಗೆ ಅದು ಹಿಡಿಸಲಿಲ್ಲ. “ಅವನಿಗೆ ಎಲ್ಲಾ ಮೊದಲಿಂದಾನೇ ಇದೆಯಲ್ಲಮ್ಮ” ಎಂದ.

ಕಳೆದ ತಿಂಗಳು ನಾವೆಲ್ಲ, ನೆರೆಯವರನ್ನೂ ಕರೆದುಕೊಂಡು, ಆ ಬಂಡೆಗಳ ನಡುವೆ ನಡೆದಾಡಲು ಹೋದೆವು. ಐವರ್ಸನ್ ರ‍್ಯಾಂಚನ್ನು 1960ರ ದಶಕದಲ್ಲಿ ಹೆದ್ದಾರಿಯೊಂದು ಎರಡಾಗಿ ಸೀಳಿತು. ಈಗ ಬಹುಪಾಲು ಜಾಗದಲ್ಲಿ ಮನೆಗಳೆದ್ದಿವೆ. ‘ಗಾರ್ಡನ್ ಆಫ್ ದ ಗಾಡ್ಸ್’ ಎಂದು ಕರೆಯುವ ಒಂದು ಭಾಗ ಮಾತ್ರ ಸಾರ್ವಜನಿಕ ಉದ್ಯಾನವಾಗಿ ಉಳಿದಿದೆ. ಧಾರಾವಾಹಿಗಾಗಿ ಕಟ್ಟಿದ್ದ ಮನೆ, ಲಾಯ ಯಾವುದೂ ಇಲ್ಲ. ಹಿರಿಯರು ಒಂದು ಬಂಡೆಗೆ ಒರಗಿ, ಹೆದ್ದಾರಿಯ ಸದ್ದಿನಾಚೆಗೆ ಬಹಳ ಹೊತ್ತು ನೋಡುತ್ತ ನಿಂತರು. ಮಗ ಅವರ ಪಕ್ಕದಲ್ಲಿ ನಿಂತು, ಕ್ಯಾಮೆರಾ ಎಲ್ಲಿದ್ದಿರಬೇಕು, ತರಬೇತುಗಾರ ಎಲ್ಲಿದ್ದಿರಬೇಕು ಎಂದು ಇಂಗ್ಲಿಷಿನಲ್ಲಿ ಒಂದೇ ಸಮನೆ ವಾದಿಸುತ್ತಿದ್ದ.

ಮನೆಗೆ ಮರಳುವ ದಾರಿಯಲ್ಲಿ, ನೆರೆಯವರಿಗೆ ಪರಿಚಯವಿದ್ದ ಒಂದು ಲಾಯದ ಮುಂದೆ ನಿಂತೆವು. ಬೇಲಿಯ ಮೇಲಿಂದ ಮುದಿ ಕಂದುಕುದುರೆಯೊಂದು ತಲೆ ಹೊರಚಾಚಿತು. ನಾನು ಅದುವರೆಗೆ ಹತ್ತಿರದಿಂದ ಕಂಡಿದ್ದ ಕುದುರೆಗಳೆಂದರೆ ಮೈಸೂರಿನ ಟಾಂಗಾದವು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅರಮನೆಯ ಸುತ್ತಿನಲ್ಲಿ ನಿಂತಿರುತ್ತಿದ್ದವು, ಮುಟ್ಟಿರಲಿಲ್ಲ. ಮಗ ಕ್ಯಾರೆಟ್ ಕೊಟ್ಟ, ಕುದುರೆ ತಿಂದಿತು. ಎರಡನೆಯದನ್ನು ನನ್ನ ಕೈಯಲ್ಲಿಟ್ಟು, ನನ್ನ ಮಣಿಕಟ್ಟನ್ನು ಹಿಡಿದು ಮುಂದಕ್ಕೆ ಚಾಚಿಸಿದ. “ಬೆರಳು ಮಡಿಸ್ಬೇಡಮ್ಮ, ಅಂಗೈ ಚಪ್ಪಟೆ ಇಟ್ಕೋ. ಹೆದರ್ಬೇಡ, ನಾನು ಹೇಳಿದೀನಿ ಅದಕ್ಕೆ.”