ಟ್ಯಾಂಕ್ ಸುಮ್ನಿತ್ತು, ನಾನೂ ಪಾಸ್ ಅಂತ ಬರ್ದ್‌ಬಿಟ್ಟೆ

ನಾನು ಎಫ್‌ಆರ್‌ಪಿ ಟ್ಯಾಂಕ್‌ಗಳ ಇನ್ಸ್‌ಪೆಕ್ಷನ್ ಮಾಡೋನು. ಆಸಿಡ್ ಇಡೋಕೆ ಫ್ಯಾಕ್ಟರಿ ಹಿಂದುಗಡೆ ಫೈಬರ್ ಟ್ಯಾಂಕ್ ನಿಂತಿರತ್ತಲ್ಲ, ಅದೇ, ಗಾಜಿನ ಎಳೆಗೆ ರೆಸಿನ್ ಅನ್ನೋ ಅಂಟು ಹಾಕಿ ಪದರ ಪದರವಾಗಿ ಕಟ್ಟಿರ್ತಾರೆ. ಸ್ಟೀಲ್ ಆದ್ರೆ ಗೇಜ್ ಇಟ್ಟು ಎಷ್ಟು ಸವೆದಿದೆ ಅಂತ ಹೇಳ್ಬೋದು, ಇದ್ರಲ್ಲಿ ದಪ್ಪ ಹಾಗೇ ಇರತ್ತೆ, ಒಳಗೆ ಪದರ ಬಿಟ್ಕೊಂಡಿರತ್ತೆ. ಹಂಗಾಗಿ ಮೊದ್ಲು ಜೇಬಿಂದ ಹೊರಗೆ ಬರೋದು ಹಳೇ ದಪ್ಪ ಐದು ರೂಪಾಯಿ ನಾಣ್ಯ. ಹಲಸಿನಕಾಯಿ ತಟ್ಟಿ ನೋಡ್ತಾರಲ್ಲ, ಹಾಗೆ ತಟ್ಕೊಂಡು ಹೋಗೋದು, ಟಣ್ ಅಂದ್ರೆ ಸರಿ, ಡಬ್ ಅಂದ್ರೆ ಅಲ್ಲಿ ಚಾಕ್‌ಪೀಸಲ್ಲಿ ಒಂದು ಗೆರೆ. ಹೊರಗಿಂದ ಟಾರ್ಚ್ ಬಿಟ್ರೆ ಒಳಗಿನ ಗುಳ್ಳೆನೂ ಕಾಣತ್ತೆ, ಆದ್ರೆ ನಮ್ಮೋರು ಚಂದ ಕಾಣ್ಲಿ ಅಂತ ಪೇಂಟ್ ಬಳ್ದಿರ್ತಾರೆ. ಬಿಸಿಲಿಗೆ ಪೇಂಟ್ ಬೇಕು ಒಪ್ಕೋತೀನಿ, ಒಂದು ಪಟ್ಟಿನಾದ್ರೂ ಖಾಲಿ ಬಿಡ್ರಪ್ಪ.

ವಿಷಯಕ್ಕೆ ಬರ್ತೀನಿ. ಮೈಸೂರು ಕಡೆ ಒಂದು ಫ್ಯಾಕ್ಟರಿ, ಡಿಎಂ ಪ್ಲಾಂಟಿನ (ನೀರಿಂದ ಲವಣ ತೆಗೆಯೋ ಘಟಕ) ಹೈಡ್ರೋಕ್ಲೋರಿಕ್ ಆಸಿಡ್ ಟ್ಯಾಂಕ್. ನೀರು ತುಂಬಿ ಟೆಸ್ಟ್ ಮಾಡಿ ಅಂದ್ರು, ನಾನು ಬೇಡ ಅಂದೆ, ಯಾಕಂದ್ರೆ 30 ಪರ್ಸೆಂಟ್ ಆಸಿಡ್ ನೀರಿಗಿಂತ ಸುಮಾರು 15 ಪರ್ಸೆಂಟ್ ಭಾರ, ಅಷ್ಟೇ ಎತ್ತರ ನೀರು ತುಂಬಿದ್ರೆ ಟ್ಯಾಂಕಿಗೆ ದಿನಾ ಬೀಳೋ ಭಾರನೇ ಬೀಳಲ್ಲ. ಆಸಿಡ್ಡೇ ತುಂಬ್ಕೊಂಡು ಅಕೌಸ್ಟಿಕ್ ಎಮಿಷನ್ ಮಾಡೋದು ಅಂತ ಆಯ್ತು. ಲೆವೆಲ್ ಏರ್ತಾ ಹೋದ ಹಾಗೆ ಒಳಗೆ ರೆಸಿನ್ ಬಿರುಕು ಬಿಟ್ರೆ, ಗಾಜಿನ ಎಳೆ ತುಂಡಾದ್ರೆ ಕಿವಿಗೆ ಕೇಳದ ಸದ್ದು ಬರತ್ತೆ, ಗ್ರೀಸ್ ಹಚ್ಚಿ ಕೂರ್ಸಿರೋ ಸೆನ್ಸರ್ ಅದನ್ನ ಹಿಡಿಯತ್ತೆ. ಸೆನ್ಸರ್ ಕೆಲ್ಸ ಮಾಡ್ತಿದ್ಯಾ ನೋಡೋಕೆ ಪಕ್ಕದಲ್ಲಿ ಪೆನ್ಸಿಲ್ ಲೆಡ್ ಮುರೀತೀವಿ, 0.3 ಎಂಎಂ 2ಎಚ್ ಲೆಡ್ಡು, ನೋಡಿದೋರು ಇವ್ನಿಗೇನು ತಲೆ ಕೆಟ್ಟಿದ್ಯಾ ಅಂದ್ಕೋತಾರೆ.

ಅವತ್ತು ಟ್ಯಾಂಕ್ ಪೂರ್ತಿ ತುಂಬೋವರ್ಗೂ ಸ್ಕ್ರೀನ್ ಮೇಲೆ ಏನೂ ಇಲ್ಲ. ಮಳೆ ಇಲ್ಲ, ಪಂಪ್ ಗಲಾಟೆ ಇಲ್ಲ, ಇಷ್ಟು ಕ್ಲೀನ್ ಡೇಟಾ ಸಿಗೋದೇ ಅಪರೂಪ ಅಂತ ಖುಷಿಯಾಗಿ ಪಾಸ್ ಅಂತ ಬರ್ದು, ನಂಜನಗೂಡು ರೋಡಲ್ಲಿ ಊಟ ಮಾಡ್ಕೊಂಡು ಬಂದೆ.

ಎರಡು ತಿಂಗಳಿಗೆ ಫೋನು. ನಕಲ್ ಹತ್ರ ಒದ್ದೆ ಆಗ್ತಿದೆ ಅಂತ. (ನಕಲ್ ಅಂದ್ರೆ ನಕಲಿ ಅಲ್ಲ, ಟ್ಯಾಂಕಿನ ಗೋಡೆ ತಳಕ್ಕೆ ತಿರುಗೋ ಮೂಲೆ.) ಹೋಗಿ ನೋಡ್ದೆ, ಹೌದು. ರಿಪೋರ್ಟಲ್ಲಿ ಇರೋದು ನನ್ನ ಸಹಿ. ಮುಖ ಎತ್ತಕ್ಕಾಗ್ಲಿಲ್ಲ.

ಟೀ ಕುಡಿಯೋವಾಗ ಒಬ್ರು ವಯಸ್ಸಾದ ಆಪರೇಟರ್ ತಾವಾಗೇ ಅಂದ್ರು, "ನೀವು ಟೆಸ್ಟ್ ಮಾಡಕ್ ಬಂದಿದ್ರಲ್ಲ ಸಾ, ಅದ್ರ ಹಿಂದಿನ್ ರಾತ್ರಿ ಆಸಿಡ್ ಟ್ಯಾಂಕರ್ ಬಂದಿತ್ತು, ಡ್ರೈವರ್ ಕಾಯಕ್ ಆಗಲ್ಲ ಅಂತ ಗಲಾಟೆ ಮಾಡ್ದ, ಎಲ್ಲಾ ಇದಕ್ಕೇ ತುಂಬ್ಸಿ ಬೆಳಗಿನ್ ಜಾವ ಪಕ್ಕದ್ ಟ್ಯಾಂಕಿಗೆ ಹೊಡ್ದ್ವಿ." ನಂಗೆ ಬಾಯಲ್ಲಿದ್ದ ಟೀ ಇಳೀಲಿಲ್ಲ.

ಯಾಕಂದ್ರೆ 1950ರಲ್ಲೇ ಜರ್ಮನಿಯ ಜೋಸೆಫ್ ಕೈಸರ್ ತೋರಿಸ್ಕೊಟ್ಟಿದ್ದ, ಒಂದ್ಸಲ ಹೊತ್ತ ಭಾರನ ಮತ್ತೆ ಹೊರ್ಸಿದ್ರೆ ವಸ್ತು ಸದ್ದು ಮಾಡಲ್ಲ, ಹಳೇ ಭಾರ ದಾಟಿದ್ಮೇಲೇನೇ ಶುರು. ಫೈಬರ್‌ನಲ್ಲಿ ಏಟು ಬಿದ್ದಿದ್ರೆ ಹಳೇ ಭಾರಕ್ಕಿಂತ ಮುಂಚೆನೇ ಸದ್ದು ಶುರುವಾಗತ್ತೆ, ಅದನ್ನೇ ಫೆಲಿಸಿಟಿ ಅನ್ನೋದು, ಆದ್ರೆ ಅದು ಸರಿಯಾಗಿ ಕಾಣ್ಬೇಕಂದ್ರೆ ಟ್ಯಾಂಕ್ ಸ್ವಲ್ಪ ದಿನ ಭಾರ ಇಳಿಸ್ಕೊಂಡು ಸುಧಾರಿಸ್ಕೊಂಡಿರ್ಬೇಕು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘದ ಎಎಸ್‌ಎಂಇ ಕೋಡಲ್ಲೇ ಟೇಬಲ್ ಇದೆ: ಭಾರ 10 ಪರ್ಸೆಂಟಿಗೆ ಇಳ್ಸಿದ್ರೆ 12 ಗಂಟೆ ಸಾಕು, 50ಕ್ಕೆ ಆದ್ರೆ 4 ದಿನ, 60ಕ್ಕೆ ಆದ್ರೆ 7 ದಿನ. ನಂಗೆ ಈ ಟೇಬಲ್ ಬಾಯಿಪಾಠ. ಟೆಸ್ಟಿಗೆ ಮುಂಚೆ ಹೀಗೆ ಲೆವೆಲ್ ಇಳ್ಸಿಡಿ ಅಂತ ಲೆಟರಲ್ಲಿ ಬರ್ದೂ ಕೊಟ್ಟಿದ್ದೆ, ಅವ್ರು "ಆಗಿದೆ ಸಾರ್" ಅಂದ್ರು, ನಾನು ನಂಬ್ದೆ, ಅಷ್ಟೇ. ರಾತ್ರಿ ತಾನೇ ಪೂರ್ತಿ ಹೊತ್ತಿದ್ದ ಟ್ಯಾಂಕು ಬೆಳಗ್ಗೆ ನನ್ ಮುಂದೆ ಸುಮ್ನಿತ್ತು.

ಖಾಲಿ ಮಾಡಿ, ತೊಳ್ದು, ಗ್ಯಾಸ್ ಚೆಕ್ ಮಾಡಿ ಒಳಗೆ ಇಳಿದ್ರೆ ನಕಲ್ ಸುತ್ತ ವೀಲ್ ಪದರ (ಆಸಿಡ್ ತಡೆಯೋ ಒಳಮೈಯ ತೆಳು ಪದರ) ಕೂದಲೆಳೆ ಹಾಗೆ ಸೀಳಿತ್ತು, ಅದ್ರ ಹಿಂದಿನ ಗ್ಲಾಸಿಗೇ ಆಸಿಡ್ ಹತ್ತಿತ್ತು. ಉಜ್ಜಿ ತೆಗ್ದು ವಿನೈಲ್ ಎಸ್ಟರ್ ರೆಸಿನ್‌ನಲ್ಲಿ ಹೊಸ ಪದರ ಕಟ್ಸಿದ್ವಿ. ಮಾರನೇ ದಿನ ಗಟ್ಟಿತನ ಅಳೆಯೋ ಬಾರ್ಕೋಲ್ ಮೀಟರ್ ಒತ್ತಿದ್ರೆ ಬರೀ 18, ಅಸಿಟೋನ್ ಹಚ್ಚಿ ಉಜ್ಜಿದ್ರೆ ಬೆರಳಿಗೆ ಅಂಟು, ಮಳೆಗಾಲದ ತಂಡಿಗೆ ರೆಸಿನ್ ಕ್ಯೂರ್ ಆಗಿರ್ಲಿಲ್ಲ, ಅಂದ್ರೆ ಪೂರ್ತಿ ಗಟ್ಟಿಯಾಗಿರ್ಲಿಲ್ಲ. ಬಿಸಿಗಾಳಿ ಬ್ಲೋವರ್ ಎರಡು ದಿನ ಇಟ್ಮೇಲೆ 34ಕ್ಕೆ ಬಂತು. ಆಮೇಲೆ 10 ಪರ್ಸೆಂಟಿಗಿಂತ ಕಡಿಮೆ ಲೆವೆಲ್‌ನಲ್ಲಿ ಒಂದಿಡೀ ದಿನ ಬಿಟ್ಟು ಮತ್ತೆ ಎಮಿಷನ್ ಟೆಸ್ಟ್, ಆ ರಾತ್ರಿ ನಾನೇ ಇನ್‌ಲೆಟ್ ವಾಲ್ವಿಗೆ ಬೀಗ ಹಾಕ್ಸಿ ಕೀ ಜೇಬಲ್ಲಿಟ್ಕೊಂಡು ಮಲ್ಗಿದ್ದೆ.

ಈಗ ಎಲ್ಲೇ ಹೋದ್ರೂ ಮೊದ್ಲು ಹಿಂದಿನ ಹತ್ತು ದಿನದ ಲೆವೆಲ್ ಲಾಗ್ ಕೇಳ್ತೀನಿ, ಮ್ಯಾನೇಜರ್ ಹತ್ರ ಮಾತಾಡೋಕೆ ಮುಂಚೆ ನೈಟ್ ಶಿಫ್ಟಿನೋರ ಜೊತೆ ಒಂದು ಟೀ ಕುಡೀತೀನಿ.